ಪರೀಕ್ಷಾಕಾಲದ ಸಂಗೀತ: ಕೊಡಿಕೊಂಡ, ಹಿಂದೂಪುರ, ಕಲ್ಯಾಣದುರ್ಗ ಸೀಮೆ

ಮಾಘ ಕಳೆದು ಫಾಲ್ಗುಣ ಕಾಲಿಡುವ ಹೊತ್ತಿಗೆ, ಎಂದರೆ ಫೆಬ್ರವರಿಯ ಕೊನೆಯಿಂದ ಏಪ್ರಿಲ್ ತಿಂಗಳವರೆಗೆ, ವಾರ್ಷಿಕ ಪರೀಕ್ಷೆಗೆ ಸಿದ್ಧರಾಗುತ್ತಿರುವ ವಿದ್ಯಾರ್ಥಿಗಳು ನಿದ್ರೆಯನ್ನು ನೀಗಲೆಂದೋ, ಕುಗ್ಗಿದ ಮನಸ್ಸನ್ನು ಎತ್ತಿ ನಿಲ್ಲಿಸಲೆಂದೋ, ಓದಿದುದು ಮರೆತುಹೋಗದಿರಲೆಂದೋ ಆಶ್ರಯಿಸುವ ಹಾಡು, ಪಠನ, ವಾದ್ಯಗಳನ್ನೆಲ್ಲ ಒಟ್ಟಾಗಿ ಪರೀಕ್ಷಾಕಾಲದ ಸಂಗೀತವೆಂದು ಕರೆಯಬಹುದು. ಶಾಸ್ತ್ರಗ್ರಂಥಗಳಲ್ಲಿ ಇಂಥದೊಂದು ಪ್ರಕಾರವಿಲ್ಲ. ಯಾವ ವಾಗ್ಗೇಯಕಾರನೂ ಪರೀಕ್ಷೆಗೆಂದು ಕೃತಿಯನ್ನು ರಚಿಸಿದವನಲ್ಲ. ಆದರೂ ಪಾಠವನ್ನೇ ರಾಗವಾಗಿ ಹೇಳುವ ಪದ್ಧತಿ, ಓದಿಗೆ ಕೂರುವ ಮುನ್ನ ಮನಸ್ಸನ್ನು ಎಚ್ಚರಿಸುವ ಹಾಡು, ಓದುತ್ತಿರುವಾಗಲೇ ಹಿನ್ನೆಲೆಯಲ್ಲಿ ನಡೆಯುವ ವಾದನ, ಇವು ಒಂದೊಂದೂ ಬೇರೆ ಬೇರೆ ಕೆಲಸವನ್ನು ಮಾಡುತ್ತವೆ. ಇವುಗಳನ್ನು ಒಂದೇ ಎಂದು ಎಣಿಸುವುದರಿಂದಲೇ ‘ಹಾಡು ಕೇಳುತ್ತ ಓದಬಹುದೇ?’ ಎಂದು ಮನೆಮನೆಯಲ್ಲಿಯೂ ನಡೆಯುವ ವಾಗ್ವಾದ ಬಗೆಹರಿಯದೆ ಉಳಿದಿದೆ.

ಈ ಲೇಖನಕ್ಕೆ ಆಧಾರವಾಗಿ ಆರಿಸಿಕೊಂಡಿರುವ ಸೀಮೆ ಕನ್ನಡ, ತೆಲುಗು ಎರಡೂ ಮಾತುಗಳು ಒಂದೇ ಅಂಗಳದಲ್ಲಿ ಆಡುವ ಗಡಿನಾಡು. ಬೆಂಗಳೂರಿನಿಂದ ಹೈದರಾಬಾದಿಗೆ ಹೋಗುವ 44ನೆಯ ರಾಷ್ಟ್ರೀಯ ಹೆದ್ದಾರಿಯಲ್ಲಿ ಬಾಗೇಪಲ್ಲಿಯನ್ನು ದಾಟಿ ಆಂಧ್ರಪ್ರದೇಶವನ್ನು ಹೊಕ್ಕರೆ ಸಿಕ್ಕುವ ಕೊಡಿಕೊಂಡ, ಹೊರಗಿನವರಿಗೆ ಬಹುಮಟ್ಟಿಗೆ ಅದರ ಚೆಕ್‌ಪೋಸ್ಟಿನಿಂದಲೇ ಪರಿಚಿತ. ಅಲ್ಲಿಂದ ಪಶ್ಚಿಮಕ್ಕೆ ತಿರುಗಿದ ದಾರಿ ಲೇಪಾಕ್ಷಿಯ ಮೇಲೆ ಹಿಂದೂಪುರಕ್ಕೆ ಹೋಗುತ್ತದೆ. ಕಲ್ಯಾಣದುರ್ಗ ಇನ್ನೂ ಉತ್ತರಕ್ಕೆ, ರಾಯದುರ್ಗದ ಮಗ್ಗುಲಲ್ಲಿದೆ. 1882ರಲ್ಲಿ ಬಳ್ಳಾರಿ ಜಿಲ್ಲೆಯನ್ನು ಒಡೆದು ಅನಂತಪುರ ಜಿಲ್ಲೆಯನ್ನು ಮಾಡಿದರು. 1953ರಲ್ಲಿ ಆಂಧ್ರ ರಾಜ್ಯ ರೂಪುಗೊಂಡಾಗ ಬಳ್ಳಾರಿಯಲ್ಲೇ ಉಳಿದಿದ್ದ ರಾಯದುರ್ಗವೂ ಅತ್ತ ಸೇರಿತು. 2022ರ ಏಪ್ರಿಲ್ 4ರಂದು ಹಿಂದೂಪುರದ ಭಾಗ ಶ್ರೀ ಸತ್ಯಸಾಯಿ ಜಿಲ್ಲೆಗೆ ಹೋಗಿ, ಕಲ್ಯಾಣದುರ್ಗ ಅನಂತಪುರದಲ್ಲಿಯೇ ನಿಂತಿತು. ಆಡಳಿತದ ಗೆರೆಗಳು ಹೀಗೆ ಪದೇ ಪದೇ ಸರಿದರೂ ಮಡಕಶಿರದ ಸುತ್ತಲಿನ ಊರುಗಳಲ್ಲಿ ಕನ್ನಡ ಮಾಧ್ಯಮದ ಶಾಲೆಗಳು ನಡೆದುಕೊಂಡು ಬಂದಿವೆ. ಲೇಪಾಕ್ಷಿಯ ವೀರಭದ್ರಾಲಯದಲ್ಲಿ ಅಚ್ಯುತರಾಯನ ಕಾಲದ ಕನ್ನಡ ಶಾಸನಗಳಿವೆ. ಅದೇ ಗುಡಿಯ ನಾಟ್ಯಮಂಟಪದ ಕಂಬಗಳಲ್ಲಿ ವೀಣೆ ಹಿಡಿದ ತುಂಬುರು, ಕುಣಿಯುವ ರಂಭೆ, ಮೂರು ಕಾಲಿನ ಭೃಂಗಿ ಇವರೆಲ್ಲ ಕಲ್ಲಿನಲ್ಲಿ ಮೇಳಗೂಡಿದ್ದಾರೆ. ಸಂಗೀತವನ್ನು ಈ ಸೀಮೆಗೆ ಹೊರಗಿನಿಂದ ತರಬೇಕಾದ ಪ್ರಮೇಯವೇನೂ ಇರಲಿಲ್ಲ.

ಮೇಲೆ ಹೇಳಿದ ಮೂರು ಬಗೆಗಳಲ್ಲಿ ಪಾಠವನ್ನೇ ಹಾಡಾಗಿಸುವುದು ಎಲ್ಲಕ್ಕೂ ಹಳೆಯದು. ಈ ಲೇಖಕನ ಎಣಿಕೆಯಲ್ಲಿ ಎಲ್ಲಕ್ಕಿಂತ ಫಲಕಾರಿಯಾದುದೂ ಅದೇ. ಕೂಲಿಮಠದ ಕಾಲದಿಂದ ಇಂದಿನ ಪ್ರಾಥಮಿಕ ಶಾಲೆಯವರೆಗೆ ಇದರ ಮೊದಲ ರೂಪ ಮಗ್ಗಿ. ‘ಎರಡೊಂದ್ಲ ಎರಡು, ಎರಡೆರಡ್ಲ ನಾಲ್ಕು’ ಎಂದು ಒಬ್ಬ ಹುಡುಗ ಎತ್ತಿಕೊಟ್ಟರೆ ತರಗತಿಯೆಲ್ಲ ಅದನ್ನೇ ಹಿಂದಿರುಗಿಸುವಾಗ, ಪ್ರಶ್ನೆಯ ಭಾಗದಲ್ಲಿ ಸ್ವರ ಕೊಂಚ ಮೇಲೇರಿ, ಉತ್ತರದ ಭಾಗದಲ್ಲಿ ಕೆಳಗಿಳಿದು ನಿಲ್ಲುತ್ತದೆ. ಎರಡು ಮೂರು ಸ್ವರಗಳ ಆವರಣದೊಳಗೇ ಮುಗಿಯುವ ಈ ಏರಿಳಿತವನ್ನು ರಾಗವೆನ್ನಲಾಗದು, ಬರಿಯ ಮಾತೆನ್ನಲೂ ಆಗದು. ಗಡಿಯ ಊರುಗಳಲ್ಲಿ ಇದೇ ಧಾಟಿ ‘ರೆಂಡೊಕಟ್ಲ ರೆಂಡು’ ಎಂದು ತೆಲುಗಿನಲ್ಲಿಯೂ ಕೇಳಿಬರುತ್ತದೆ. ಮನೆಯಲ್ಲಿ ಒಂದು ಮಾತು, ಶಾಲೆಯಲ್ಲಿ ಇನ್ನೊಂದು ಮಾತು ಇರುವ ಮಗು, ಅಂಗಡಿಯಲ್ಲಿ ಚಿಲ್ಲರೆ ಎಣಿಸುವಾಗ ಯಾವ ಭಾಷೆಯಲ್ಲಿ ಮಗ್ಗಿಯನ್ನು ರಾಗವಾಗಿ ಕಲಿತಿತ್ತೋ ಆ ಭಾಷೆಗೇ ಮರಳುವುದನ್ನು ಇಲ್ಲಿ ಸಾಮಾನ್ಯವಾಗಿ ಕಾಣಬಹುದು.

ಇದರ ಹಿಂದೆ ದೊಡ್ಡದೊಂದು ಪರಂಪರೆಯೇ ಇದೆ. ಅಮರಕೋಶ ಅನುಷ್ಟುಪ್ಪಿನಲ್ಲಿದೆ, ಹನ್ನೆರಡನೆಯ ಶತಮಾನದ ರಾಜಾದಿತ್ಯ ‘ವ್ಯವಹಾರಗಣಿತ’ದಲ್ಲಿ ಲೆಕ್ಕವನ್ನು ಕನ್ನಡ ಪದ್ಯಕ್ಕೆ ಒಗ್ಗಿಸಿದನು, ಹದಿಮೂರನೆಯ ಶತಮಾನದ ಕೇಶಿರಾಜ ‘ಶಬ್ದಮಣಿದರ್ಪಣ’ದ ಸೂತ್ರಗಳನ್ನು ಕಂದಪದ್ಯಗಳಲ್ಲಿ ಬರೆದನು. ಓಲೆಗರಿ ದುರ್ಲಭವಾಗಿದ್ದ ಕಾಲದಲ್ಲಿ ನೆನಪೇ ಪುಸ್ತಕವಾಗಬೇಕಿದ್ದುದರಿಂದ ಛಂದಸ್ಸು ಅದರ ಹೊಲಿಗೆಯಾಗಿತ್ತು. ವೇದಪಾಠಿಗಳು ಕ್ರಮ, ಜಟಾ, ಘನ ಎಂದು ಪದಗಳನ್ನು ಮುಂದಕ್ಕೂ ಹಿಂದಕ್ಕೂ ಹೆಣೆದು ಹೇಳುವ ಕ್ರಮವು ಇದೇ ಬುದ್ಧಿಯ ಪರಾಕಾಷ್ಠೆ. 2003ರಲ್ಲಿ ಯುನೆಸ್ಕೋ ವೇದಪಠನವನ್ನು ಮಾನವಕುಲದ ಅಮೂರ್ತ ಪರಂಪರೆಯೆಂದು ಘೋಷಿಸಿತು. ಅಷ್ಟು ದೂರ ಹೋಗದೆ ಹತ್ತನೆಯ ತರಗತಿಯ ಪದ್ಯಭಾಗವನ್ನೇ ನೋಡಿದರೂ ಸಾಕು. ಕುಮಾರವ್ಯಾಸನ ಭಾಮಿನೀ ಷಟ್ಪದಿಯಲ್ಲಿ ಮೂರು ಮಾತ್ರೆಯ ಗಣವೊಂದು, ನಾಲ್ಕು ಮಾತ್ರೆಯ ಗಣವೊಂದು, ಹೀಗೆ ಜೋಡಿಜೋಡಿಯಾಗಿ ನಡೆಯುತ್ತವೆ, ಕೂಡಿದರೆ ಏಳು. ಸಂಗೀತ ಬಲ್ಲವರು ಇದನ್ನು ಮಿಶ್ರಛಾಪುವಿನ ನಡೆಯೆಂದು ಕೂಡಲೇ ಗುರುತಿಸುತ್ತಾರೆ. ಸಂಗೀತ ತಿಳಿಯದ ಹುಡುಗನೂ ಬೆಂಚಿನ ಮೇಲೆ ಬೆರಳಿನಿಂದ ತಟ್ಟುತ್ತ ಒಮ್ಮೆ ಈ ಏಳರ ನಡೆಯನ್ನು ಹಿಡಿದನೆಂದರೆ, ಸಾಲಿನಲ್ಲಿ ಒಂದು ಪದ ಜಾರಿದ ತಕ್ಷಣ ತಟ್ಟುವ ಕೈ ತಪ್ಪಿ, ಮರೆತ ಜಾಗ ಯಾವುದೆಂಬುದು ತಾನಾಗಿಯೇ ಗೊತ್ತಾಗುತ್ತದೆ. ಕಂಠಪಾಠದ ಪದ್ಯವನ್ನು ಪೂರ್ಣಗೊಳಿಸಿರೆಂಬ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಸಿದ್ಧತೆ ಬೇರೊಂದಿಲ್ಲ. ಕಾವ್ಯವನ್ನು ರಾಗವಾಗಿ ವಾಚಿಸುವ ಗಮಕ ಕಲೆಯ ಬೆಲೆ ಇಲ್ಲಿ ತಿಳಿಯುತ್ತದೆ. ಶಿವಮೊಗ್ಗದ ಬಳಿಯ ಹೊಸಹಳ್ಳಿಯ ಗಮಕಿ ಎಚ್. ಆರ್. ಕೇಶವಮೂರ್ತಿಯವರಿಗೆ 2022ರಲ್ಲಿ ಪದ್ಮಶ್ರೀ ಬಂದಾಗ ಪತ್ರಿಕೆಗಳು ಅವರನ್ನು ಕಲಾವಿದರೆಂದು ಕೊಂಡಾಡಿದವು; ಕನ್ನಡ ಪಾಠ ಹೇಳುವ ಮೇಷ್ಟರುಗಳು ಅವರನ್ನು ತಮ್ಮವರೆಂದೂ ಎಣಿಸಬಹುದಾಗಿತ್ತು.

ಗಡಿಸೀಮೆಗೆ ತನ್ನದೇ ಆದ ಭಂಡಾರವೂ ಉಂಟು. ಚಿಂತಾಮಣಿ ತಾಲ್ಲೂಕಿನ ಕೈವಾರದ ನಾರಾಯಣಪ್ಪನವರು, ಜನರ ಬಾಯಲ್ಲಿ ಕೈವಾರದ ತಾತಯ್ಯ, ಕನ್ನಡದಲ್ಲಿಯೂ ತೆಲುಗಿನಲ್ಲಿಯೂ ತತ್ತ್ವಪದಗಳನ್ನು ಹಾಡಿದವರು. ಅವರ ಪದಗಳನ್ನು ಹೇಳುವ ಭಜನೆಯ ಮೇಳಗಳಿಗೆ ರಾಜ್ಯದ ಗಡಿಯೆಂಬುದು ಲೆಕ್ಕಕ್ಕಿಲ್ಲ. ಇತ್ತ ಕದಿರಿಯ ಬಳಿಯ ಕಟಾರುಪಲ್ಲಿಯಲ್ಲಿ ತೆಲುಗು ಕವಿ ವೇಮನನ ಸಮಾಧಿಯಿದೆ. ಆತನ ಆಟವೆಲದಿ ಛಂದಸ್ಸಿನ ಪದ್ಯಗಳ ಕೊನೆಯ ಸಾಲು ಬಹುಮಟ್ಟಿಗೆ ಸಂಬೋಧನೆಯ ಅಂಕಿತವೇ ಆದ್ದರಿಂದ, ಕಲಿಯುವವನಿಗೆ ನಾಲ್ಕರಲ್ಲಿ ಒಂದು ಸಾಲು ಪುಕ್ಕಟೆಯಾಗಿ ದೊರೆತಂತಾಗುತ್ತದೆ; ಸರ್ವಜ್ಞನ ಅಂಕಿತವೂ ತ್ರಿಪದಿಯ ಕಡೆಯಲ್ಲಿ ನಿಂತು ಇದೇ ಉಪಕಾರವನ್ನು ಮಾಡುತ್ತದೆ. ದೊಡ್ಡವರು ಈ ಪದ್ಯಗಳಲ್ಲಿ ನೀತಿಯನ್ನು ಕಾಣುತ್ತಾರೆ; ಪರೀಕ್ಷೆ ಹತ್ತಿರವಾದ ಹುಡುಗರಿಗೆ ಕಾಣುವುದು ಈ ಸೌಕರ್ಯ.

ಧಾಟಿಯ ನೆನಪಿಗೊಂದು ದೌರ್ಬಲ್ಯವಿದೆ, ಅದನ್ನೂ ಹೇಳಬೇಕು. ರಾಗವಾಗಿ ಕಲಿತದ್ದು ಸರಪಣಿಯಂತೆ ಮೊದಲಿನಿಂದ ಕೊನೆಗೆ ಮಾತ್ರ ಬರುತ್ತದೆ. ಏಳೆಂಟ್ಲ ಎಷ್ಟು ಎಂದು ಕೇಳಿದರೆ ಏಳೊಂದ್ಲದಿಂದ ಮೆಟ್ಟಿಲು ಹತ್ತಿಯೇ ಐವತ್ತಾರಕ್ಕೆ ಬರುವ ಮಕ್ಕಳು ಪ್ರತಿ ಶಾಲೆಯಲ್ಲಿಯೂ ಇದ್ದಾರೆ. ವಾಂಡಾ ವಾಲೆಸ್ ಎಂಬ ಮನೋವಿಜ್ಞಾನಿ 1994ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಹಾಡಾಗಿ ಕೇಳಿದ ಪದ್ಯ ಮಾತಾಗಿ ಕೇಳಿದ್ದಕ್ಕಿಂತ ಚೆನ್ನಾಗಿ ನೆನಪಿನಲ್ಲಿ ನಿಂತಿತು. ಆದರೆ ಅದಕ್ಕೆ ಒಂದೇ ಧಾಟಿ ನುಡಿಯಿಂದ ನುಡಿಗೆ ಮರಳಿ ಮರಳಿ ಬರಬೇಕಾಗಿತ್ತು, ಧಾಟಿಯೇ ಅಪರಿಚಿತವಾಗಿದ್ದಲ್ಲಿ ಆ ಲಾಭ ಕಾಣಲಿಲ್ಲ. ಆವರ್ತಕ ಕೋಷ್ಟಕದ ಮೂಲಧಾತುಗಳನ್ನು ಊರಿನ ಭಜನೆಯ ಮಟ್ಟಿಗೋ ಹೆಸರಾದ ಸಿನಿಮಾ ಹಾಡಿನ ಮಟ್ಟಿಗೋ ಕೂಡಿಸಿಕೊಳ್ಳುವ ಹುಡುಗಿಯರು ಈ ತತ್ತ್ವವನ್ನು ಯಾರೂ ಹೇಳಿಕೊಡದೆಯೇ ಕಂಡುಕೊಂಡಿದ್ದಾರೆ. ಅನುಕ್ರಮವಿರುವ ವಿಷಯಕ್ಕೆ ಇದು ಒಪ್ಪುತ್ತದೆ; ರೇಖಾಗಣಿತದ ಪ್ರಮೇಯಕ್ಕೆ ಒಪ್ಪುವುದಿಲ್ಲ.

ಇನ್ನು ಎಚ್ಚರಿಸುವ ಸಂಗೀತ. ಹಾಸ್ಟೆಲುಗಳಲ್ಲಿ ಬೆಳಗಿನ ಐದಕ್ಕೆ ಮೈಕಿನಲ್ಲಿ ಸುಪ್ರಭಾತ ಏಳುವುದೇ ಓದಿನ ಗಂಟೆ. ಪ್ರತಿವಾದಿ ಭಯಂಕರಂ ಅಣ್ಣಂಗಾಚಾರ್ಯರು ಹದಿನೈದನೆಯ ಶತಮಾನದಲ್ಲಿ ತಿರುಮಲೆಯ ವೆಂಕಟೇಶ್ವರನನ್ನು ಎಬ್ಬಿಸಲು ರಚಿಸಿದ ಸ್ತೋತ್ರ, ಎಂ. ಎಸ್. ಸುಬ್ಬುಲಕ್ಷ್ಮಿಯವರ ಕಂಠದಲ್ಲಿ 1963ರ ಎಚ್‌ಎಂವಿ ಧ್ವನಿಮುದ್ರಿಕೆಯಾಗಿ ಹೊರಬಂದ ಮೇಲೆ, ದೇವರಿಗಿಂತ ಹೆಚ್ಚಾಗಿ ದಕ್ಷಿಣದೇಶದ ವಿದ್ಯಾರ್ಥಿಗಳನ್ನು ಎಬ್ಬಿಸಿದೆ ಎಂದರೆ ಅಪಚಾರವಾಗಲಾರದಷ್ಟೆ. ಹಿಂದೂಪುರಕ್ಕೆ ಅನತಿದೂರದ ಕೊಡಿಗೇನಹಳ್ಳಿಯಲ್ಲಿ 1970ರ ದಶಕದ ಆರಂಭದಿಂದ ನಡೆಯುತ್ತಿರುವ ಸರ್ಕಾರಿ ವಸತಿಶಾಲೆ ಹತ್ತನೆಯ ತರಗತಿಯ ರ‍್ಯಾಂಕುಗಳಿಂದ ಹೆಸರಾದುದು. ಅಂಥ ವಸತಿಶಾಲೆಗಳ ಮಾದರಿ ಹರಡಿದಂತೆ, ನಸುಕಿನ ಹಾಡು, ಅನಂತರ ಓದು, ಅನಂತರ ಪ್ರಾರ್ಥನೆ ಎಂಬ ದಿನಚರಿಯೂ ಹರಡಿತು.

ಮನೆಗಳಲ್ಲಿ ಈ ಕೆಲಸವನ್ನು ಬಹುಕಾಲ ಮಾಡಿದುದು ರೇಡಿಯೋ. ಮೈಸೂರಿನಲ್ಲಿ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಿಂದಲೇ ಆರಂಭಿಸಿದ ಬಾನುಲಿ ಕೇಂದ್ರದ ‘ಆಕಾಶವಾಣಿ’ ಎಂಬ ಹೆಸರು ಮುಂದೆ ದೇಶದ ಬಾನುಲಿಗೇ ಸಂದಿತು; 1955ರ ನವೆಂಬರಿನಲ್ಲಿ ಬೆಂಗಳೂರು ಕೇಂದ್ರ ಬಂದಿತು. ಅದರ 612 ಕಿಲೋಹರ್ಟ್ಸಿನ ಮಧ್ಯಮ ತರಂಗ ಹಿಂದೂಪುರ, ಮಡಕಶಿರಗಳ ಮನೆಗಳಿಗೆ ನಿರಾಯಾಸವಾಗಿ ಮುಟ್ಟುತ್ತಿದ್ದುದರಿಂದ, ಕಡಪದ ತೆಲುಗನ್ನೂ ಬೆಂಗಳೂರಿನ ಕನ್ನಡವನ್ನೂ ಒಂದೇ ತಿರುಪು ಅತ್ತಿತ್ತ ತಿರುಗಿಸಿ ಕೇಳುವ ಭಾಗ್ಯ ಇಲ್ಲಿಯವರಿಗಿತ್ತು. ಪ್ರಸಾರ ಆರಂಭವಾಗುವ ಮುನ್ನ ಬರುತ್ತಿದ್ದ, ವಾಲ್ಟರ್ ಕೌಫ್‌ಮನ್ ರಚಿಸಿದರೆಂದು ಪ್ರಸಿದ್ಧವಾದ ಆ ಸಂಕೇತ ಸಂಗೀತ, ನಾತ್ಸಿಗಳಿಗೆ ಹೆದರಿ ಯೂರೋಪನ್ನು ಬಿಟ್ಟು ಬಂದ ಯೆಹೂದಿ ಸಂಗೀತಜ್ಞನೊಬ್ಬನ ಕೈಯದೆಂಬುದು ಎಷ್ಟು ಮಂದಿಗೆ ಗೊತ್ತಿತ್ತೋ. ಅದು ಕೇಳಿಸಿದರೆ ಆರು ಗಂಟೆಯಾಗುತ್ತ ಬಂತು, ಇನ್ನೂ ಹಾಸಿಗೆ ಬಿಡದಿದ್ದರೆ ಅಮ್ಮ ಬೈಯುತ್ತಾಳೆ ಎಂಬುದು ಮಾತ್ರ ಎಲ್ಲರಿಗೂ ಗೊತ್ತಿತ್ತು. ಇದರಲ್ಲಿ ಗಮನಿಸಬೇಕಾದ ಅಂಶವೊಂದಿದೆ: ವಾರ್ತೆ ಮೊದಲಾದ ಕೂಡಲೇ ಹಿರಿಯರು ರೇಡಿಯೋವನ್ನು ತಮ್ಮ ಕಡೆಗೆ ಎಳೆದುಕೊಳ್ಳುತ್ತಿದ್ದರು, ಹುಡುಗರು ಪುಸ್ತಕಕ್ಕೆ ಹೋಗುತ್ತಿದ್ದರು. ಹಾಡಿಗೂ ಓದಿಗೂ ನಡುವೆ ಗೆರೆ ತಾನಾಗಿಯೇ ಬೀಳುತ್ತಿತ್ತು.

ಧೈರ್ಯ ತುಂಬುವ ಹಾಡುಗಳಲ್ಲಿ ಕನ್ನಡದ ಮಟ್ಟಿಗೆ ಮೊದಲ ಸ್ಥಾನ 1972ರ ‘ಬಂಗಾರದ ಮನುಷ್ಯ’ ಚಿತ್ರದ, ಕೈಲಾಗದೆಂದು ಕುಳಿತವನನ್ನು ಗದರಿಸಿ ಎಬ್ಬಿಸುವ ಹಾಡಿಗೆ ಸಲ್ಲಬೇಕು. ಟಿ. ಕೆ. ರಾಮರಾಯರ ಕಾದಂಬರಿಯನ್ನು ಸಿದ್ಧಲಿಂಗಯ್ಯನವರು ಚಿತ್ರವಾಗಿಸಿದರು, ಸಂಗೀತ ಜಿ. ಕೆ. ವೆಂಕಟೇಶರದು, ರಾಜಕುಮಾರರಿಗೆ ಕಂಠವಾದವರು ಪಿ. ಬಿ. ಶ್ರೀನಿವಾಸರು. ಪಾಳುಬಿದ್ದ ನೆಲವನ್ನು ಹಸನು ಮಾಡುವ ರೈತನಿಗಾಗಿ ಬರೆದ ಹಾಡು ಶಾಲೆಯ ವಾರ್ಷಿಕೋತ್ಸವಕ್ಕೂ, ಹತ್ತನೆಯವರ ಬೀಳ್ಕೊಡುಗೆಗೂ, ಆಮೇಲೆ ಮೊಬೈಲಿಗೂ ಬಂದುದಕ್ಕೆ ಕಾರಣ ಅದರ ರಚನೆಯಲ್ಲಿಯೇ ಇದೆ: ನಡಿಗೆಗೆ ಹೊಂದುವ ಲಯ, ಪಲ್ಲವಿಯಲ್ಲಿಯೇ ಮುಗಿದುಹೋಗುವ ವಾದ, ಹಾಡಲು ಬಾರದವನೂ ಹಾಡಬಹುದಾದ ಶ್ರುತಿವಿಸ್ತಾರ. ಶ್ರೀನಿವಾಸರು ಹುಟ್ಟಿದ್ದು ಆಂಧ್ರದ ಕಾಕಿನಾಡದಲ್ಲಿ ಎಂಬುದನ್ನು ಗಡಿನಾಡಿನವರು ಸ್ವಲ್ಪ ಹೆಮ್ಮೆಯಿಂದಲೇ ಹೇಳುತ್ತಾರೆ. ಭಾವಗೀತೆಗಳು ಬೇರೆ ದಾರಿಯಿಂದ ಬಂದವು. ಪಿ. ಕಾಳಿಂಗರಾಯರು ಕವಿತೆಯನ್ನು ಸಭೆಗೆ ತಂದರು, 1978ರಲ್ಲಿ ಮೈಸೂರು ಅನಂತಸ್ವಾಮಿಯವರು ನಿಸಾರ್ ಅಹಮದರ ಕವಿತೆಗಳಿಗೆ ರಾಗ ಕೂಡಿಸಿದ ‘ನಿತ್ಯೋತ್ಸವ’ ಕ್ಯಾಸೆಟ್ಟಾಗಿ ಬಂದಾಗ, ಪಠ್ಯಪುಸ್ತಕದ ಕವಿಗಳು ಟೇಪ್‌ರೆಕಾರ್ಡರಿನೊಳಗೆ ಸೇರಿದರು, ಸಿ. ಅಶ್ವತ್ಥರು ಶಿಶುನಾಳ ಷರೀಫರನ್ನು ಊರೂರಿಗೆ ಮುಟ್ಟಿಸಿದರು. ಕವಿತೆಯ ಸಾರಾಂಶ ಬರೆಯಬೇಕಾದ ಹುಡುಗನಿಗೆ ಆ ಕವಿತೆ ಮೊದಲೇ ಕಿವಿಯಲ್ಲಿ ಇದ್ದರೆ ಅದರಷ್ಟು ಲಾಭ ಯಾವ ಗೈಡಿನಲ್ಲಿಯೂ ಇಲ್ಲ.

ಉಳಿದುದು ಹಿನ್ನೆಲೆಯ ಸಂಗೀತ, ವಿವಾದವೆಲ್ಲ ಇದರದೇ. ಕೆಲಸದ ಜೊತೆಗೆ ಹಾಡೆಂಬುದು ನಮ್ಮವರಿಗೆ ಹೊಸದಲ್ಲ. ಬೀಸುವ ಪದ, ಕುಟ್ಟುವ ಪದ, ನಾಟಿಯ ಪದ ಎಲ್ಲವೂ ಇದ್ದವು. 1940ರ ಜೂನಿನಲ್ಲಿ, ಯುದ್ಧದ ನಡುವೆ, ಬಿಬಿಸಿ ಕಾರ್ಖಾನೆಗಳ ಕೆಲಸಗಾರರಿಗೆಂದು ದಿನಕ್ಕೆ ಎರಡು ಸಲ ಸಂಗೀತ ಪ್ರಸಾರವನ್ನು ಆರಂಭಿಸಿದುದೂ ಇದೇ ನಂಬಿಕೆಯಿಂದ. ಆದರೆ ರಾಗಿ ಬೀಸುವವಳ ಕೈ ದುಡಿಯುತ್ತಿತ್ತು, ನಾಲಗೆ ಬಿಡುವಾಗಿತ್ತು. ಹಾಡು ಆ ಬಿಡುವನ್ನು ತುಂಬಿತು. ಓದುವವನ ಸ್ಥಿತಿ ಇದಕ್ಕೆ ತಲೆಕೆಳಗು. ತುಟಿ ಮುಚ್ಚಿ ಓದಿದರೂ ಒಳಗೊಂದು ನಾಲಗೆ ಪದಗಳನ್ನು ಉಚ್ಚರಿಸುತ್ತಲೇ ಇರುತ್ತದೆ. 1974ರಲ್ಲಿ ಬ್ಯಾಡೆಲಿ ಮತ್ತು ಹಿಚ್ ಎಂಬ ಆಂಗ್ಲ ವಿದ್ವಾಂಸರು ಕಾರ್ಯಸ್ಮೃತಿಯ ಸಿದ್ಧಾಂತವನ್ನು ಮಂಡಿಸಿದ ಮೇಲೆ ಈ ಒಳನಾಲಗೆಗೆ ಶಾಸ್ತ್ರದಲ್ಲಿ ಸ್ಥಾನ ದೊರೆಯಿತು. ಸಲಾಮೆ ಮತ್ತು ಬ್ಯಾಡೆಲಿ 1989ರಲ್ಲಿ ತೋರಿಸಿಕೊಟ್ಟಂತೆ, ಅನುಕ್ರಮವಾಗಿ ನೆನಪಿಡಬೇಕಾದ ಕೆಲಸವನ್ನು ಮಾತುಳ್ಳ ಹಾಡು ಬರಿಯ ವಾದ್ಯಕ್ಕಿಂತ ಹೆಚ್ಚು ಕೆಡಿಸುತ್ತದೆ. ‘ನನಗೆ ಇಷ್ಟವಾದ ಹಾಡಾದರೆ ತೊಂದರೆಯಿಲ್ಲ’ ಎಂಬ ಸಮಜಾಯಿಷಿಯೂ ನಿಲ್ಲಲಿಲ್ಲ. 2011ರಲ್ಲಿ ಪೆರ‍್ಹಾಮ್ ಮತ್ತು ವಿಜಾರ್ಡ್ ನಡೆಸಿದ ಪ್ರಯೋಗದಲ್ಲಿ ಇಷ್ಟದ ಹಾಡೂ ಇಷ್ಟವಿಲ್ಲದ ಹಾಡೂ ಸಮನಾಗಿಯೇ ಕೆಡಿಸಿ, ನಿಶ್ಶಬ್ದವೇ ಗೆದ್ದಿತು. ಸ್ವಭಾವಭೇದ ಇಲ್ಲವೆಂದಲ್ಲ: ಫರ್ನ್‌ಹಾಮ್ ಮತ್ತು ಬ್ರಾಡ್ಲಿ 1997ರಲ್ಲಿ ಕಂಡಂತೆ, ಹಿನ್ನೆಲೆಯಲ್ಲಿ ಪಾಪ್ ಸಂಗೀತ ನಡೆಯುತ್ತಿದ್ದಾಗ ಓದಿ ಗ್ರಹಿಸುವುದರಲ್ಲಿ ಅಂತರ್ಮುಖಿಗಳಿಗೆ ಆದ ಹಾನಿ ಬಹಿರ್ಮುಖಿಗಳಿಗೆ ಆಗಲಿಲ್ಲ. ಲೆಕ್ಕ ಬಿಡಿಸುವುದು, ನಕ್ಷೆಗೆ ಬಣ್ಣ ತುಂಬುವುದು, ನೋಟ್ಸನ್ನು ಅಂದವಾಗಿ ತಿದ್ದಿ ಬರೆಯುವುದು, ಇಂಥ ಕೈಗೆಲಸಕ್ಕೆ ಹತ್ತಿರವಾದ ಅಭ್ಯಾಸಗಳಲ್ಲಿ ಸಣ್ಣಗೆ ವೀಣೆಯೋ ಕೊಳಲೋ ನಡೆಯುತ್ತಿದ್ದರೆ ಬಾಧಕ ಕಡಮೆ.

ಸಂಗೀತ ಬುದ್ಧಿಯನ್ನೇ ಬೆಳೆಸುತ್ತದೆಂಬ ಜನಪ್ರಿಯ ನಂಬಿಕೆಯ ಮೂಲ 1993ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ ಪುಟ್ಟ ಲೇಖನ. ಮೂವತ್ತಾರು ಮಂದಿ ಕಾಲೇಜು ವಿದ್ಯಾರ್ಥಿಗಳು ಮೊಟ್ಸಾರ್ಟನ ಪಿಯಾನೋ ಸೊನಾಟವನ್ನು ಹತ್ತು ನಿಮಿಷ ಕೇಳಿದ ಮೇಲೆ ಆಕೃತಿಗಳನ್ನು ಮನಸ್ಸಿನಲ್ಲಿ ಮಡಿಸಿ ತಿರುಗಿಸುವ ಪರೀಕ್ಷೆಯಲ್ಲಿ ಕೊಂಚ ಮೇಲಾದರು. ಆ ಪರಿಣಾಮ ಹತ್ತು ಹದಿನೈದು ನಿಮಿಷಗಳಿಗೇ ಇಳಿದುಹೋಯಿತು. ಆದರೂ 1998ರಲ್ಲಿ ಅಮೆರಿಕದ ಜಾರ್ಜಿಯಾದ ಗವರ್ನರು ಹುಟ್ಟಿದ ಪ್ರತಿ ಮಗುವಿಗೂ ಶಾಸ್ತ್ರೀಯ ಸಂಗೀತದ ಮುದ್ರಿಕೆ ಕೊಡಿಸಲು ಬಜೆಟ್ಟಿನಲ್ಲಿ ಹಣ ಕೇಳಿದರು. 2001ರಲ್ಲಿ ಥಾಂಪ್ಸನ್, ಶೆಲನ್‌ಬರ್ಗ್, ಹುಸೇನ್ ಎಂಬ ಸಂಶೋಧಕರು ಕಂಡುದಿಷ್ಟೆ: ಲವಲವಿಕೆಯ ಸಂಗೀತ ಮನಸ್ಸನ್ನು ಚುರುಕುಗೊಳಿಸುತ್ತದೆ, ಚುರುಕಾದ ಮನಸ್ಸು ಕೊಂಚ ಹೊತ್ತು ಚೆನ್ನಾಗಿ ದುಡಿಯುತ್ತದೆ, ಮೊಟ್ಸಾರ್ಟನೇ ಆಗಬೇಕಾಗಿಲ್ಲ. ಹಾಗಾದರೆ ಓದಿಗೆ ಕೂರುವ ಮುನ್ನ ಒಂದು ಹಾಡು ಕೇಳಿ ರೇಡಿಯೋ ಮುಚ್ಚುತ್ತಿದ್ದ ಹಿಂದಿನ ಮನೆಗಳ ಕ್ರಮವೇ ಶಾಸ್ತ್ರಸಮ್ಮತವಾಯಿತೆನ್ನಬೇಕು.

ಈಗಿನ ವಿದ್ಯಾರ್ಥಿಯ ಕಿವಿಗೆ ಇಯರ್‌ಫೋನು ಬಂದಿದೆ. ‘ಲೋ-ಫೈ’ ಎಂದು ಕರೆಯುವ, ಮಾತಿಲ್ಲದ, ಒಂದೇ ಮಂದಗತಿಯಲ್ಲಿ ಗಂಟೆಗಟ್ಟಲೆ ಹರಿಯುವ ವಾದನ ಯೂಟ್ಯೂಬಿನಿಂದ ಹಳ್ಳಿಗಳಿಗೂ ಬಂದಿದೆ. ಮಾತಿಲ್ಲವಾದ್ದರಿಂದ ಸಿನಿಮಾ ಹಾಡಿಗಿಂತ ಇದು ಎಷ್ಟೋ ಮೇಲು. ಆದರೆ ಉಪಕರಣ ಫೋನೇ ಆದ್ದರಿಂದ ಹಾಡಿನ ಬೆನ್ನಿಗೆ ಜಾಹೀರಾತು, ಜಾಹೀರಾತಿನ ಬೆನ್ನಿಗೆ ರೀಲ್ಸು ಬಂದು, ಓದು ಎಲ್ಲಿತ್ತೋ ಅಲ್ಲಿಯೇ ಉಳಿಯುವುದುಂಟು. ವಿಶ್ವ ಆರೋಗ್ಯ ಸಂಸ್ಥೆ ಇಂಥ ಉಪಕರಣಗಳಿಗೆ ವಾರಕ್ಕೆ 40 ಗಂಟೆಯ ಲೆಕ್ಕದಲ್ಲಿ ವಯಸ್ಕರಿಗೆ 80 ಡೆಸಿಬೆಲ್, ಮಕ್ಕಳಿಗೆ 75 ಡೆಸಿಬೆಲ್ ಮೀರದ ಮಿತಿಯನ್ನು ಸೂಚಿಸಿದೆ.

ಕೊನೆಯದಾಗಿ, ವಿದ್ಯಾರ್ಥಿ ಬೇಡದೆಯೇ ಬರುವ ಸಂಗೀತ. ಪರೀಕ್ಷೆಯ ತಿಂಗಳುಗಳೇ ಈ ಸೀಮೆಯ ಜಾತ್ರೆಯ ತಿಂಗಳುಗಳೂ ಹೌದು: ಮಾಘದಲ್ಲಿ ಶಿವರಾತ್ರಿಗೆ ಲೇಪಾಕ್ಷಿ, ಫಾಲ್ಗುಣದಲ್ಲಿ ಕದಿರಿಯ ನರಸಿಂಹಸ್ವಾಮಿಯ ಬ್ರಹ್ಮೋತ್ಸವ, ಬೆನ್ನಿಗೇ ಯುಗಾದಿ, ರಾಮನವಮಿ. ಒಕ್ಕಣೆ ಮುಗಿದು ರೈತನಿಗೆ ಬಿಡುವಾಗುವ ಹೊತ್ತು ಇದು; ಊರಿನ ಪಂಚಾಂಗ ಶಾಲೆಯ ವೇಳಾಪಟ್ಟಿಗಿಂತ ಹಳೆಯದು. ರಾತ್ರಿಯಿಡೀ ನಡೆಯುವ ಪೌರಾಣಿಕ ನಾಟಕದ ಹಾರ್ಮೋನಿಯಂ, ಮೈಕ್‌ಸೆಟ್ಟಿನ ಭಜನೆ, ಈಚೆಗೆ ಎದೆಯೊಳಗೇ ಗುದ್ದುವ ಡಿಜೆ ಪೆಟ್ಟಿಗೆಗಳು, ಇವುಗಳ ನಡುವೆ ನಾಳೆ ವಿಜ್ಞಾನದ ಪತ್ರಿಕೆ ಬರೆಯಬೇಕಾದವನು ಪುಸ್ತಕ ಹಿಡಿದು ಹೊಲದ ಕಡೆಗೋ ನೆಂಟರ ಮನೆಗೋ ಹೋಗುವುದುಂಟು. ಕಾನೂನು ಅವನ ಪರವಾಗಿಯೇ ಇದೆ. 2000ದ ಶಬ್ದಮಾಲಿನ್ಯ ನಿಯಂತ್ರಣ ನಿಯಮಗಳ ಪ್ರಕಾರ ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಬಯಲಿನಲ್ಲಿ ಧ್ವನಿವರ್ಧಕ ನಿಷಿದ್ಧ. ವಾಸದ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ. ಶಾಲೆಯ ಸುತ್ತ ನೂರು ಮೀಟರನ್ನು ನಿಶ್ಶಬ್ದ ವಲಯವೆಂದು ಘೋಷಿಸಬಹುದು. ಸಾಂಸ್ಕೃತಿಕ, ಧಾರ್ಮಿಕ ಉತ್ಸವಗಳಿಗಾಗಿ ವರ್ಷಕ್ಕೆ 15 ದಿನ ಮೀರದಂತೆ ಮಧ್ಯರಾತ್ರಿಯವರೆಗೆ ವಿನಾಯಿತಿ ಕೊಡುವ ಅಧಿಕಾರ ರಾಜ್ಯ ಸರ್ಕಾರಕ್ಕಿದ್ದು, ಸರ್ವೋಚ್ಚ ನ್ಯಾಯಾಲಯ 2005ರ ಜುಲೈ 18ರ ತೀರ್ಪಿನಲ್ಲಿ ರಾತ್ರಿಯ ನಿಷೇಧವನ್ನು ಬಲಪಡಿಸಿತು. ಮಿತಿಗಿಂತ 10 ಡೆಸಿಬೆಲ್ ಹೆಚ್ಚಾದರೆ ಯಾರು ಬೇಕಾದರೂ ದೂರು ಕೊಡಬಹುದು. ಆದರೆ ದೂರು ಕೊಡಬೇಕಾದುದು ತಮ್ಮದೇ ಊರ ದೇವರ ಉತ್ಸವದ ಮೇಲೆ, ತಮ್ಮದೇ ದೊಡ್ಡಪ್ಪ ಮಾವಂದಿರು ಇರುವ ಸಮಿತಿಯ ಮೇಲೆ. ಹಾಗಾಗಿ ಹಳ್ಳಿಗಳಲ್ಲಿ ಈ ನಿಯಮಕ್ಕಿಂತ ಹೆಚ್ಚು ನಡೆಯುವುದು, ಹೆಡ್‌ಮೇಷ್ಟರು ಉತ್ಸವಕ್ಕೆ ನಾಲ್ಕು ದಿನ ಮೊದಲೇ ಗುಡಿಯ ಧರ್ಮಕರ್ತರ ಮನೆಗೆ ಹೋಗಿ, ಪರೀಕ್ಷೆಯ ವೇಳಾಪಟ್ಟಿಯನ್ನು ಕೈಗಿತ್ತು, ಇಂತಿಂಥ ರಾತ್ರಿ ಮೈಕು ಬೇಡವೆಂದು ಮಾಡಿಕೊಳ್ಳುವ ಬಾಯಿಮಾತಿನ ಒಪ್ಪಂದ.